ಕುಮಟಗಿ ಕೆರೆಯ ದಂಡೆಗೆ ಬಂದ ಬಣ್ಣ

ವಿಜಯಪುರದಿಂದ ಮೂಡಣಕ್ಕೆ, ಸಿಂದಗಿ ಸೀಮೆಯತ್ತ ಸುಮಾರು 20 ಕಿಲೋಮೀಟರ್ ಹೋದರೆ ಕುಮಟಗಿ. ದಾರಿಯುದ್ದಕ್ಕೂ ಎರೆಹೊಲ, ಹಿಂಗಾರಿ ಜೋಳ, ನಡುನಡುವೆ ಕಡಲೆ. ಬಾಯಾರಿದ ಈ ನೆಲದಲ್ಲಿ ಆದಿಲ್‌ಶಾಹಿಗಳು ನೀರಿನದೇ ಅರಮನೆ ಕಟ್ಟಿದರು. ಹೊಂಡದ ನಡುವೆ ಎರಡಂತಸ್ತಿನ ಮಂಟಪ. ಚಾವಣಿಯಿಂದ ಮಳೆಯಂತೆ ನೀರು ಸುರಿಯಲೆಂದು ತೂತುಗಳು. ಆ ನೀರನ್ನು ಎತ್ತರಕ್ಕೇರಿಸಿ ಹರಿಸಲು ಗೋಪುರ.

ಕೆರೆಯ ಮಗ್ಗುಲಿನ ಕಮಾನುಗಳ ಒಳಗೆ ಗೋಡೆಚಿತ್ರಗಳಿವೆ. ಕುದುರೆಯೇರಿ ಚೆಂಡಾಡುವವರು, ಕುಸ್ತಿಗಿಳಿದ ಜಟ್ಟಿಗಳು, ಯುರೋಪಿನ ಉಡುಪು ತೊಟ್ಟ ಗಂಡಸರು. ಹೆನ್ರಿ ಕಸಿನ್ಸ್ 1916ರ ತಮ್ಮ ಬಿಜಾಪುರದ ಗ್ರಂಥದಲ್ಲಿ ಇವನ್ನು ವರ್ಣಿಸಿದ್ದಾರೆ. ಈಗ ಗಾರೆ ಉದುರಿ, ಬಣ್ಣ ಮಾಸಿ, ಎಷ್ಟೋ ಆಕೃತಿಗಳನ್ನು ಹುಡುಕಿ ನೋಡಬೇಕು. ಕಂಡಷ್ಟು ಕಂಡಾಗ ಸಂತೋಷ, ಬೆನ್ನಿಗೇ ಸಂಕಟ.

ಆ ಕಾಲದ ವಿಜಯಪುರಕ್ಕೆ ಕುಂಚ ಹಿಡಿದವರು ದೂರದೂರದಿಂದ ಬಂದರು. ಎರಡನೇ ಇಬ್ರಾಹಿಂ ಆದಿಲ್‌ಶಾಹ (1580–1627) ತಾನೇ ಹಾಡು ಕಟ್ಟುವ ದೊರೆ; ಗುಣ ಕಂಡಲ್ಲಿ ಊರು ಕೇಳುತ್ತಿರಲಿಲ್ಲ. ಫರ್ರುಖ್ ಬೇಗ್ ಕಾಬೂಲಿನಲ್ಲಿದ್ದವನು. ಆಶ್ರಯದಾತ ಮಿರ್ಜಾ ಹಕೀಂ ತೀರಿಕೊಂಡ ಮೇಲೆ, 1585ರಲ್ಲಿ ಅಕ್ಬರನ ಆಸ್ಥಾನ ಸೇರಿದ. ಮುಂದೆ ಇಬ್ರಾಹಿಮನ ಬಳಿಗೆ ಬಂದ. ಸುಲ್ತಾನ ಕೂತು ತಂಬೂರಿ ಮೀಟುವುದನ್ನು ಬರೆದ. ಆತನ ಮೆಚ್ಚಿನ ಆನೆ ಆತಶ್ ಖಾನನನ್ನೂ ಬರೆದ. ರಾಜನೆಂದರೆ ಕತ್ತಿ, ಬೇಟೆ ಎಂದುಕೊಂಡವರು ಆ ತಂಬೂರಿಯ ಚಿತ್ರ ನೋಡಬೇಕು. ಅಲ್ಲಿ ದೊರೆ ಸ್ವರದಲ್ಲಿ ಮುಳುಗಿದ್ದಾನೆ. 1609ರ ಹೊತ್ತಿಗೆ ಚಿತ್ರಕಾರ ಮತ್ತೆ ಉತ್ತರಕ್ಕೆ ಹೋಗಿದ್ದ. ಇವನಿಗೆ ಸರಿಸಾಟಿ ಇಲ್ಲವೆಂದು ಜಹಾಂಗೀರ 2,000 ರೂಪಾಯಿ ಕೊಟ್ಟ.

ತಂಬೂರಿಯ ಆ ಹಾಳೆ ಇಂದು ಪ್ರಾಗ್ ನಗರದ ನಾಪ್ರಸ್ಟೆಕ್ ವಸ್ತುಸಂಗ್ರಹಾಲಯದಲ್ಲಿದೆ. ಅದೇ ಪ್ರಾಗ್ ಬಿಟ್ಟು ನಮ್ಮ ಕಡೆಗೆ ಬಂದವನು ಕಾರ್ನೆಲಿಸ್ ಹೆಡಾ. ಹಾರ್ಲೆಮ್‌ನ ಡಚ್ಚನಾದ ಈತ ಎರಡನೇ ರುಡಾಲ್ಫ್ ಚಕ್ರವರ್ತಿಯ ಆಸ್ಥಾನದಲ್ಲಿದ್ದು, ಪರ್ಷಿಯಾಕ್ಕೆಂದು ಹೊರಟು, ಗೋವೆಗೆ ಬಂದು ಬಿದ್ದ. 1610ರ ವೇಳೆಗೆ ಇಬ್ರಾಹಿಮನ ಚಿತ್ರಕಾರನಾಗಿ ನೌರಸಪುರದಲ್ಲಿ ನೆಲೆಸಿದ್ದ. ಅಲ್ಲಿಂದಲೇ ಡಚ್ ಕಂಪನಿಗೆ ಕಾಗದ ಬರೆಯುತ್ತಿದ್ದ. ತೊರವಿ ಬಳಿ 1599ರಲ್ಲಿ ಶುರುವಾದ ಆ ಹೊಸ ಊರನ್ನು 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರನ ದಂಡು ಹಾಳುಗೆಡವಿತು.

ಕುಮಟಗಿಯ ಪರದೇಶಿಗರನ್ನು ಹೆಡಾನೇ ಬರೆದನೆನ್ನಲು ಆಧಾರವಿಲ್ಲ; ನಾನೂ ಹಾಗೆ ಹೇಳಲಾರೆ. ಅಂಥವರು ಓಡಾಡಿಕೊಂಡಿದ್ದ ಸೀಮೆ ಇದು ಎಂಬುದಕ್ಕೆ ಮಾತ್ರ ಗೋಡೆಯೇ ಸಾಕ್ಷಿ. ಹಾಳೆಯಾಗಿದ್ದರೆ ಕೈಯಿಂದ ಕೈಗೆ ದಾಟಿ ಎಲ್ಲೋ ಒಂದು ಕಡೆ ಉಳಿಯುತ್ತಿತ್ತು. ಗೋಡೆಯನ್ನು ಇಲ್ಲಿಯ ಜನವೇ ಉಳಿಸಿಕೊಳ್ಳಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಶಾಲೆಗಳಿಂದ ಗೋಳಗುಮ್ಮಟಕ್ಕೆ ಮಕ್ಕಳನ್ನು ಕರೆತರುವ ಮಾಸ್ತರರು ಒಂದು ತಾಸು ಈ ಕೆರೆಯ ದಂಡೆಗೂ ಕೊಡಲಿ. ಚೆಂಡಾಟದ ಕುದುರೆಗಳು ಕಣ್ಣಿಗೆ ಬೀಳುವಷ್ಟಾದರೂ ಬಣ್ಣ ಇನ್ನೂ ಉಳಿದಿದೆ.