ಬೇಲಿಯೇ ಹೊಲ ಮೇಯ್ದಾಗ

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿರುವೆವಷ್ಟೆ. ದೇಹದಲ್ಲಿಯೂ ಹೀಗಾಗುವುದುಂಟು. ರೋಗಾಣುಗಳನ್ನು ಕೊಲ್ಲಬೇಕಾದ ರಕ್ಷಣಾವ್ಯವಸ್ಥೆಯು ಸ್ವಂತ ಅಂಗವನ್ನೇ ಹಗೆಯೆಂದು ಬಗೆದು ಹಾಳುಗೆಡವತೊಡಗಿದರೆ ಅದನ್ನು ಆಟೋಇಮ್ಯೂನ್ ರೋಗವೆನ್ನುತ್ತೇವೆ. ರುಮಟಾಯ್ಡ್ ಸಂಧಿವಾತವು ಇಂಥದೊಂದು. ಇದರಲ್ಲಿ ಬೆರಳು, ಮಣಿಕಟ್ಟುಗಳ ಕೀಲುಗಳು ಊದಿ, ಮೃದ್ವಸ್ಥಿಯೂ ಮೂಳೆಯೂ ಕ್ರಮೇಣ ಸವೆದು, ಕೈಗಳು ಸೊಟ್ಟಗಾಗುತ್ತವೆ.

ಈ ಉರಿಯೂತವನ್ನು ಹೊತ್ತಿಸುವುದು ಯಾವುದು? ಜೀವಕೋಶಗಳು ಪರಸ್ಪರ ಸುದ್ದಿ ಮುಟ್ಟಿಸಲು ಕೆಲವು ಪ್ರೋಟೀನುಗಳನ್ನು ಸ್ರವಿಸುತ್ತವೆ. ಟಿ.ಎನ್.ಎಫ್. ಎಂಬುದು ಅವುಗಳಲ್ಲೊಂದು. ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಹಾಗೂ ಲೂಧಿಯಾನದಲ್ಲಿ ಜನಿಸಿದ ರವೀಂದರ್ ಮೈನಿಯವರ ತಂಡವು ರೋಗಿಗಳ ಕೀಲಿನಿಂದ ತೆಗೆದ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ, ಟಿ.ಎನ್.ಎಫ್. ಒಂದನ್ನೇ ತಡೆದು ನೋಡಿತು. ಆಗ ಉರಿಯೂತದ ಮತ್ತೊಂದು ಪ್ರೋಟೀನೂ ಇಳಿಯಿತು. 1989ರಲ್ಲಿ ಪ್ರಕಟವಾದ ಈ ಶೋಧನೆಯಿಂದ ಸರಪಳಿಯ ಮುಖ್ಯ ಕೊಂಡಿಯೊಂದು ದೊರೆತಂತಾಯಿತು.

ತಡೆಯುವ ಸಾಧನವಾವುದು? ಒಂದು ಬೀಗಕ್ಕೆ ಒಂದೇ ಬೀಗದ ಕೈ ಒಪ್ಪುವಂತೆ, ಒಂದು ಗೊತ್ತಾದ ವಸ್ತುವಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿಯೇ ತೋರಿಸಿಕೊಟ್ಟಿದ್ದರು. ಟಿ.ಎನ್.ಎಫ್.ಗೆ ಅಂಟುವ ಇನ್‌ಫ್ಲಿಕ್ಸಿಮ್ಯಾಬ್ ಅಂಥ ಪ್ರತಿಕಾಯ. ಜೀವಂತ ಕೋಶಗಳಲ್ಲಿ ತಯಾರಾಗುವುದರಿಂದ ಇದು ಜೈವಿಕ ಔಷಧ. ಪ್ರೋಟೀನಾದುದರಿಂದ ನುಂಗಿದರೆ ಜೀರ್ಣವಾಗಿಬಿಡುತ್ತದೆ. ಆದಕಾರಣ ಸೂಜಿಯ ಮೂಲಕವೇ ಕೊಡಬೇಕು.

1994ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಹೆಚ್ಚಿನ ಪ್ರಮಾಣದಲ್ಲಿ ಇದನ್ನು ಪಡೆದ 24 ರೋಗಿಗಳ ಪೈಕಿ 19 ಮಂದಿಗೆ ನಾಲ್ಕು ವಾರಗಳಲ್ಲಿ ಗುಣ ಕಂಡಿತು. ಹುಸಿ ಮದ್ದು ಪಡೆದ 24 ಮಂದಿಯಲ್ಲಿ ಗುಣ ಕಂಡವರು ಇಬ್ಬರೇ!

ಆದರೆ ಟಿ.ಎನ್.ಎಫ್. ಕೇವಲ ದುಷ್ಟನಲ್ಲ. ಕ್ಷಯದ ರೋಗಾಣುಗಳು ಅನೇಕರ ದೇಹದಲ್ಲಿ ವರ್ಷಗಟ್ಟಲೆ ಸುಪ್ತವಾಗಿರುತ್ತವೆ. ರಕ್ಷಣಾಕೋಶಗಳು ಅವುಗಳ ಸುತ್ತ ಗಂಟು ಕಟ್ಟಿ ಸೆರೆಯಲ್ಲಿಟ್ಟಿರುತ್ತವೆ. ಆ ಗಂಟು ಬಿಗಿಯಾಗಿ ನಿಲ್ಲಲು ಟಿ.ಎನ್.ಎಫ್. ಅವಶ್ಯ. ಅದನ್ನು ತಡೆದರೆ ಸೆರೆಯಾಳುಗಳು ಹೊರಬೀಳಬಹುದು. ಇನ್‌ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ ಕ್ಷಯ ಕಾಣಿಸಿಕೊಂಡ 70 ಪ್ರಕರಣಗಳು 2001ರಲ್ಲಿ ವರದಿಯಾದುವು. ಅಂದಿನಿಂದ, ಸೂಜಿ ಹಿಡಿಯುವ ಮೊದಲು ಸುಪ್ತ ಕ್ಷಯವಿದೆಯೇ ಎಂದು ಪರೀಕ್ಷಿಸುವುದು, ಇದ್ದರೆ ಅದಕ್ಕೆ ಮೊದಲು ಮದ್ದು ಕೊಡುವುದು ರೂಢಿಯಾಯಿತು. ಕ್ಷಯವು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಈ ಎಚ್ಚರಿಕೆ ಎಷ್ಟು ಮುಖ್ಯವೆಂಬುದನ್ನು ಬೇರೆ ಹೇಳಬೇಕಿಲ್ಲ.

ಈ ಔಷಧವು ರೋಗವನ್ನು ಬೇರುಸಹಿತ ಕೀಳದು, ಹತೋಟಿಯಲ್ಲಿಡುತ್ತದೆ. ಹೊಲ ಮೇಯುವ ಬೇಲಿಯನ್ನು ತಡೆಯಬೇಕು, ನಿಜ. ಆದರೆ ಬೇಲಿಯನ್ನೇ ಕಿತ್ತೊಗೆದರೆ ಹೊರಗಿನ ದನಗಳು ನುಗ್ಗುತ್ತವೆ. ವೈದ್ಯರು ಈ ಎರಡರ ನಡುವಣ ಹದವನ್ನು ಕಾಯಬೇಕಾಗಿದೆ.