ಮುಪ್ಪಿನ ಮೂಕಜೀವಿಗಳು

ಬೀದರ, ಭಾಲ್ಕಿ, ಔರಾದ ಪ್ರದೇಶದ ಒಕ್ಕಲುತನದ ಮನೆಗಳಲ್ಲಿ ದೇವಣಿ ಎತ್ತು ಹೊಲವನ್ನು ಉಳುತ್ತದೆ. ನಾಯಿ ಮನೆಯನ್ನು ಕಾಯುತ್ತದೆ. ಬೆಕ್ಕು ಕಾಳನ್ನು ಇಲಿಗಳಿಂದ ಉಳಿಸುತ್ತದೆ. ಹೀಗೆ ದುಡಿದ ನಾಯಿ ಬೆಕ್ಕುಗಳಿಗೆ ಮುಪ್ಪು ಬಂದಾಗ ಅವುಗಳನ್ನು ಪೋಷಿಸುವ ಹೊಣೆ ಯಾರದು?

ದೊಡ್ಡ ತಳಿಯ ನಾಯಿಗಳಲ್ಲಿ ಸುಮಾರು 7ನೆಯ ವರ್ಷದಿಂದ, ಬೆಕ್ಕುಗಳಲ್ಲಿ ಸುಮಾರು 10ನೆಯ ವರ್ಷದಿಂದ ವೃದ್ಧಾಪ್ಯದ ಲಕ್ಷಣಗಳು ತೋರತೊಡಗುತ್ತವೆ. ಕಣ್ಣಿಗೆ ಪೊರೆ ಕವಿಯುತ್ತದೆ, ಕಿವಿ ಮಂದವಾಗುತ್ತದೆ. ಮೆಟ್ಟಿಲೇರಲು ಹಿಂಜರಿಯುವ ನಾಯಿಯನ್ನು ಜನರು ಸೋಮಾರಿಯೆಂದು ಬಗೆಯುವುದುಂಟು. ಅದು ಕೀಲುನೋವಿನ ಕುರುಹಾಗಿರಬಹುದು. ಮೇವು ಬಿಟ್ಟ ಪ್ರಾಣಿಯ ಹಲ್ಲುಗಳನ್ನು ಪರೀಕ್ಷಿಸಬೇಕು. ಮುದಿ ಬೆಕ್ಕು ಹೆಚ್ಚು ನೀರು ಕುಡಿದೂ ಸೊರಗುತ್ತಿದ್ದರೆ ಮೂತ್ರಪಿಂಡಗಳ ಬೇನೆಯನ್ನು ಶಂಕಿಸಬೇಕು.

ಇಂತಹ ಪ್ರಾಣಿಗಳಿಗೆ ಮೆತ್ತನೆಯ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಈರುಳ್ಳಿ ಅವುಗಳ ರಕ್ತಕಣಗಳನ್ನು ನಾಶಮಾಡುವುದರಿಂದ ಅದು ಬೆರೆತ ಅಡಿಗೆ ಸಲ್ಲದು. ಬೀದರದ ಬಿರುಬೇಸಗೆಯಲ್ಲಿ ನೆರಳು, ತಣ್ಣೀರು ಅಗತ್ಯ. ಚಳಿಯಲ್ಲಿ ಬೆಚ್ಚನೆಯ ಹಾಸು ಬೇಕು. ಮನುಷ್ಯರ ಮಾತ್ರೆಗಳನ್ನು ನುಂಗಿಸಬಾರದು; ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಕವಾದುದು. ರೇಬೀಸ್ ಲಸಿಕೆಯನ್ನು ಮುಪ್ಪಿನಲ್ಲಿಯೂ ತಪ್ಪಿಸಲಾಗದು. 6 ತಿಂಗಳಿಗೊಮ್ಮೆ ಪಶುವೈದ್ಯರಿಂದ ತಪಾಸಣೆ ಮಾಡಿಸುವುದು ಒಳಿತು. 2004ರ ಕಾಯಿದೆಯಂತೆ ಸ್ಥಾಪಿತವಾದ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರಸ್ಥಾನವು ಬೀದರದಲ್ಲಿಯೇ ಇರುವುದು ಈ ಜಿಲ್ಲೆಯ ಸುದೈವ.

ದುಡಿಮೆ ನಿಂತ ಪ್ರಾಣಿಯನ್ನು ಸಂತೆಯಲ್ಲಿಯೋ ಹೆದ್ದಾರಿಯಲ್ಲಿಯೋ ಬಿಟ್ಟು ಬರುವವರಿದ್ದಾರೆ. ಸಕಾರಣವಿಲ್ಲದೆ, ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆಯ ಭಯಕ್ಕಿಂತ ಕೃತಜ್ಞತೆಯೇ ನಮ್ಮನ್ನು ನಡೆಸಬೇಕು. ಬಾಗಿಲು ಕಾಯ್ದ ಜೀವಕ್ಕೆ ಅದೇ ಮನೆಯ ನೆರಳಿನಲ್ಲಿ ಕೊನೆಯ ದಿನಗಳು ಸಲ್ಲಬೇಕು.