ಬಾಣಂತಿಯ ರಕ್ತ ಅಳೆಯುವ ಚೀಲ

ಹೆರಿಗೆಯಾದ ಮೇಲೆ ಸ್ವಲ್ಪ ರಕ್ತ ಹೋಗುವುದು ಸಹಜ. ಅರ್ಧ ಲೀಟರ್ ಮುಟ್ಟಿದರೆ ಅಪಾಯ. ಆದರೆ ಮುಟ್ಟಿತೆಂದು ತಿಳಿಯುವುದು ಹೇಗೆ? ನೆನೆದ ಬಟ್ಟೆ ನೋಡಿ ಅಂದಾಜು ಮಾಡುವುದೇ ರೂಢಿ. ಅನುಭವಿ ದಾದಿಯರ ಕಣ್ಣಿಗೂ ಅದು ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಚಿಕಿತ್ಸೆ ತಡವಾಗುತ್ತದೆ, ತಾಯಿ ಕೈತಪ್ಪುತ್ತಾಳೆ.

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಂದಿಗೆ 2002ರಿಂದ 2005ರವರೆಗೆ ಹಳ್ಳಿಗಳ 1,620 ಹೆರಿಗೆಗಳಲ್ಲಿ ಒಂದು ಅಧ್ಯಯನ ನಡೆಸಿದರು. ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲವನ್ನು ತಾಯಿಯ ಕೆಳಗೆ ಹಾಸಿ, ಹೋದ ರಕ್ತವನ್ನು ಅದರಲ್ಲೇ ಅಳೆದರು. ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿದವರಲ್ಲಿ ಶೇ. 6.4 ಮಂದಿಗೆ ಅತಿಸ್ರಾವವಾಗಿತ್ತು. ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಶೇ. 12 ಮಂದಿಗೆ.

ಚೀಲವೇನೂ ರಕ್ತ ನಿಲ್ಲಿಸುವುದಿಲ್ಲ, ಎಚ್ಚರಿಸುತ್ತದೆ ಅಷ್ಟೆ. ಎಚ್ಚರಿಸಿದ ಕೂಡಲೇ ಗರ್ಭಕೋಶ ತಿಕ್ಕುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ರಕ್ತ ಎಲ್ಲಿಂದ ಬರುತ್ತಿದೆಯೆಂಬ ಪರೀಕ್ಷೆ, ಎಲ್ಲವೂ ಒಟ್ಟಿಗೆ ನಡೆಯಬೇಕು. ಒಂದಾದ ಮೇಲೊಂದು ಮಾಡಿ ಕಾಯುವುದರಲ್ಲೇ ಹೊತ್ತು ಹೋಗುತ್ತದೆ. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ ಆಸ್ಪತ್ರೆಗಳು ಚೀಲ ಹಾಸಿ, ಹೀಗೆ ಒಟ್ಟಿಗೇ ಚಿಕಿತ್ಸೆ ಕೊಟ್ಟವು. 2023ರಲ್ಲಿ ಫಲಿತಾಂಶ ಬಂತು: ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ, ಅದರಿಂದಾಗುವ ಸಾವು, ಇವು ಮೂರೂ ಸೇರಿ ಶೇ. 60ರಷ್ಟು ಇಳಿದಿದ್ದವು.

ಮನೆಯಲ್ಲಿ ಗರ್ಭಿಣಿ ಅಕ್ಕನೋ ಅತ್ತಿಗೆಯೋ ಇದ್ದರೆ, ಹೆರಿಗೆಗೆ ಮೊದಲೇ ಆಸ್ಪತ್ರೆಯಲ್ಲಿ ಕೇಳಿ: "ಇಲ್ಲಿ ರಕ್ತ ಅಳೆಯುತ್ತೀರಾ?"